ಅಂಕಕ್ಕೆ ಪಾಟೀ ಸವಾಲು ಹಾಕೋದು ಹೇಗೆ? ವಿಸ್ಕಾನ್ಸಿನ್‌ನ ಲೂಮಿಸ್ ಪ್ರಕರಣ

ಎಐ ಜಡ್ಜ್ ವಿಚಾರ ಬಂದರೆ ಯಾರಾದರೂ ಒಬ್ಬರು ಎಸ್ಟೋನಿಯಾದ ಹೆಸರು ಎತ್ತೇ ಎತ್ತುತ್ತಾರೆ. ಆ ಪುಟ್ಟ ದೇಶ ಸಣ್ಣಪುಟ್ಟ ಹಣದ ವ್ಯಾಜ್ಯಗಳಿಗೆ ರೋಬೋ ಜಡ್ಜ್ ತರುತ್ತಿದೆ ಅಂತ 2019ರಲ್ಲಿ ಸುದ್ದಿ ಓಡಾಡಿತ್ತು. 2022ರಲ್ಲಿ ಅಲ್ಲಿನ ನ್ಯಾಯ ಸಚಿವಾಲಯವೇ ಅಂಥದ್ದೇನೂ ಇಲ್ಲ ಎಂದು ಹೇಳಿಕೆ ಕೊಟ್ಟಿತು. ಆದರೂ ಆ ಕಥೆ ಇವತ್ತಿಗೂ ಭಾಷಣಗಳಲ್ಲಿ ತಿರುಗುತ್ತಲೇ ಇದೆ. ಯಂತ್ರ ನಿಜವಾಗಿ ಕೋರ್ಟಿನೊಳಗೆ ಕಾಲಿಟ್ಟಿದ್ದು ಬೇರೆ ದಾರಿಯಲ್ಲಿ, ಯಾವ ಗದ್ದಲವೂ ಇಲ್ಲದೆ. ಜಡ್ಜ್ ಮುಂದೆ ಇಡುವ ಫೈಲಿನಲ್ಲಿ, ಈ ಮನುಷ್ಯ ಮತ್ತೆ ಅಪರಾಧ ಮಾಡುವ ಅಪಾಯ ಎಷ್ಟು ಎಂದು ಅಂಕ ಹಾಕಿದ ಒಂದು ಹಾಳೆಯಾಗಿ ಅದೂ ಸೇರಿಕೊಂಡಿತು.

ಆ ಹಾಳೆಯನ್ನು ಇಟ್ಟುಕೊಂಡು ನನಗೆ ಶಿಕ್ಷೆ ಕೊಡಬಹುದಾ ಎಂದು ಒಬ್ಬ ಅಪರಾಧಿ ರಾಜ್ಯದ ಸುಪ್ರೀಂ ಕೋರ್ಟ್‌ವರೆಗೂ ಹೋಗಿ ಕೇಳಿದ. ಅದೇ ಸ್ಟೇಟ್ ವರ್ಸಸ್ ಲೂಮಿಸ್, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಪ್ರಕರಣ. ತೀರ್ಪು ಬಂದಿದ್ದು 2016ರ ಜುಲೈ 13ರಂದು. ಎಐ ಬಗ್ಗೆ ಮಾತಾಡುವವರು ಇದನ್ನು ಸಾಮಾನ್ಯವಾಗಿ ಒಂದೇ ಸಾಲಿನಲ್ಲಿ ಮುಗಿಸುತ್ತಾರೆ. ಕಂಪ್ಯೂಟರ್ ಹೇಳಿತು, ಜಡ್ಜ್ ಜೈಲಿಗೆ ಕಳಿಸಿದರು, ಅಷ್ಟೇ. ನಡೆದದ್ದು ಅಷ್ಟು ಸರಳವಲ್ಲ. ತೀರ್ಪನ್ನು ಓದುತ್ತಾ ಹೋದರೆ ಅದಕ್ಕಿಂತ ಜಾಸ್ತಿ ಕಸಿವಿಸಿಯಾಗುವ ಸಂಗತಿಗಳು ಸಿಗುತ್ತವೆ.

ಕೇಸು ಏನು

2013ರ ಫೆಬ್ರುವರಿ. ಲಾ ಕ್ರಾಸ್ ಎಂಬ ಊರಿನಲ್ಲಿ ಯಾರೋ ಕಾರಿನಲ್ಲಿ ಹೋಗುತ್ತಾ ಗುಂಡು ಹಾರಿಸಿದರು. ಆ ಕಾರು ಓಡಿಸುತ್ತಿದ್ದವನು ಎರಿಕ್ ಲೂಮಿಸ್ ಎಂಬುದು ಸರ್ಕಾರದ ವಾದ. ಅವನ ಮೇಲೆ ಐದು ಆರೋಪ ಹೊರಿಸಿದರು. ಗುಂಡಿನ ವಿಚಾರದಲ್ಲಿ ನನಗೇನೂ ಸಂಬಂಧ ಇಲ್ಲ ಎಂದು ಅವನು ಕೊನೆಯವರೆಗೂ ಹೇಳಿದ. ಆದರೆ ಐದರಲ್ಲಿ ಹಗುರವಾದ ಎರಡನ್ನು ಒಪ್ಪಿಕೊಂಡ. ಒಂದು, ಪೊಲೀಸರು ತಡೆಯಲು ಬಂದಾಗ ನಿಲ್ಲಿಸದೆ ಓಡಿದ್ದು. ಇನ್ನೊಂದು, ಮಾಲೀಕರ ಒಪ್ಪಿಗೆ ಇಲ್ಲದೆ ಅವರ ವಾಹನ ಓಡಿಸಿದ್ದು. ಉಳಿದ ಮೂರು ಆರೋಪ ಕೈಬಿಟ್ಟರು. ಆದರೆ ಅಲ್ಲಿನ ಪದ್ಧತಿಯಲ್ಲಿ, ಹೀಗೆ ಕೈಬಿಟ್ಟ ಆರೋಪಗಳನ್ನೂ ಶಿಕ್ಷೆ ಎಷ್ಟು ಅಂತ ತೀರ್ಮಾನಿಸುವಾಗ ಜಡ್ಜ್ ಗಮನಕ್ಕೆ ತೆಗೆದುಕೊಳ್ಳಬಹುದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತಪ್ಪೊಪ್ಪಿಗೆ ಆದ ಮೇಲೆ ಜಡ್ಜ್ ಒಂದು ವರದಿ ತರಿಸಿಕೊಳ್ಳುತ್ತಾರೆ. ಈ ಮನುಷ್ಯ ಯಾರು, ಮನೆ ಹೇಗೆ, ಹಿಂದೆ ಏನೇನು ಮಾಡಿದ್ದಾನೆ, ಬಿಟ್ಟರೆ ಸುಧಾರಿಸುತ್ತಾನಾ ಎಂಬುದನ್ನೆಲ್ಲ ಸುಧಾರಣಾ ಇಲಾಖೆಯವರು ವಿಚಾರಿಸಿ ಬರೆದು ಕೊಡುವ ವರದಿ ಅದು. ಲೂಮಿಸ್‌ನ ವರದಿಯ ಜೊತೆ ಕಾಂಪಾಸ್ ಎಂಬ ಸಾಫ್ಟ್‌ವೇರ್ ಕೊಟ್ಟ ಅಂಕಗಳೂ ಇದ್ದವು. ವಿಚಾರಣೆಗೆ ಮೊದಲು ಬಿಟ್ಟರೆ ಎಷ್ಟು ಅಪಾಯ, ಸಾಮಾನ್ಯವಾಗಿ ಮತ್ತೆ ಅಪರಾಧ ಮಾಡುವ ಅಪಾಯ ಎಷ್ಟು, ಹಿಂಸೆಯ ಅಪರಾಧ ಮಾಡುವ ಅಪಾಯ ಎಷ್ಟು ಎಂದು ಮೂರು ಪಟ್ಟಿ. ಮೂರರಲ್ಲೂ ಲೂಮಿಸ್ 'ಹೆಚ್ಚಿನ ಅಪಾಯ'.

ಶಿಕ್ಷೆ ಕೊಟ್ಟವರು ಜಡ್ಜ್ ಸ್ಕಾಟ್ ಹಾರ್ನ್. ಪ್ರೊಬೇಷನ್ ಮೇಲೆ, ಅಂದರೆ ಜೈಲಿಗೆ ಕಳಿಸದೆ ಬರೀ ನಿಗಾದಲ್ಲಿಟ್ಟು, ಬಿಡಲು ಆಗುವುದಿಲ್ಲ ಎಂದರು, ಮೂರು ಕಾರಣ ಕೊಟ್ಟರು. ಅಪರಾಧದ ಗಂಭೀರತೆ, ಈ ಹಿಂದೆ ನಿಗಾದಲ್ಲಿದ್ದಾಗ ನೀನು ನಡೆದುಕೊಂಡ ರೀತಿ, ಮತ್ತು ನೀನು ಮತ್ತೆ ಅಪರಾಧ ಮಾಡುವ ಸಂಭವ ತೀರಾ ಹೆಚ್ಚು ಎಂದು ತೋರಿಸುವ ಅಪಾಯ ಅಳೆಯುವ ಸಾಧನಗಳು. ಇದನ್ನು ಅವರು ತೆರೆದ ಕೋರ್ಟಿನಲ್ಲೇ ಹೇಳಿದರು. ಕೊಟ್ಟ ಶಿಕ್ಷೆ ಆರು ವರ್ಷ ಜೈಲು, ಆಮೇಲೆ ಐದು ವರ್ಷ ಹೊರಗಡೆ ನಿಗಾ.

ಜಡ್ಜ್ ಬಾಯಿಬಿಟ್ಟು ಹೇಳದೇ ಇದ್ದಿದ್ದರೆ ಈ ಕೇಸೇ ಹುಟ್ಟುತ್ತಿರಲಿಲ್ಲ. ಮನಸ್ಸಿನಲ್ಲೇ ಅಂಕ ನೋಡಿ, ಬಾಯಲ್ಲಿ ಬರೀ 'ಅಪರಾಧ ಗಂಭೀರ' ಅಂದಿದ್ದರೆ ಯಾರಿಗೂ ಗೊತ್ತೇ ಆಗುತ್ತಿರಲಿಲ್ಲ. ಪ್ರಾಮಾಣಿಕವಾಗಿ ಕಾರಣ ಹೇಳಿದವರ ತೀರ್ಪಿಗೆ ಮಾತ್ರ ಸವಾಲು ಬರುತ್ತದೆ ಅನ್ನೋದು ಈ ಇಡೀ ವ್ಯವಸ್ಥೆಯ ಒಂದು ವಿಚಿತ್ರ.

ಕಾಂಪಾಸ್ ಅಂದರೆ

ಮೊದಲೇ ಹೇಳಿಬಿಡುತ್ತೇನೆ, ಕಾಂಪಾಸ್ ಚಾಟ್‌ಜಿಪಿಟಿ ತರಹದ್ದಲ್ಲ. ಅದು ಮಾತಾಡುವುದಿಲ್ಲ, ತೀರ್ಪು ಬರೆಯುವುದಿಲ್ಲ. ಅದರದು ಸಂಖ್ಯಾಶಾಸ್ತ್ರದ ಲೆಕ್ಕ. ಇದನ್ನು ಎಐ ಅನ್ನಬೇಕಾ ಬೇಡವಾ ಅಂತ ಜಗಳ ಮಾಡುವವರಿದ್ದಾರೆ, ಮಾಡಿಕೊಳ್ಳಲಿ. ನಮಗೆ ಬೇಕಾದ್ದು ಅದು ಮಾಡುವ ಕೆಲಸ: ಒಬ್ಬ ಮನುಷ್ಯನ ಬಗ್ಗೆ ಭವಿಷ್ಯ ಹೇಳುವುದು, ಅದೂ ಒಳಗಿನ ಲೆಕ್ಕ ತೋರಿಸದೆ.

ನಾರ್ತ್‌ಪಾಯಿಂಟ್ ಎಂಬ ಖಾಸಗಿ ಕಂಪನಿ ಇದನ್ನು ಮಾಡಿದ್ದು. ಟಿಮ್ ಬ್ರೆನ್ನನ್ ಎಂಬ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರು ಇನ್ನೊಬ್ಬರ ಜೊತೆ ಸೇರಿ 1989ರಲ್ಲಿ ಶುರು ಮಾಡಿದ ಕಂಪನಿ. 2017ರಲ್ಲಿ ಅದು ಈಕ್ವಿವಾಂಟ್ ಎಂದು ಹೆಸರು ಬದಲಿಸಿಕೊಂಡಿತು. 137 ಪ್ರಶ್ನೆಗಳ ಒಂದು ಫಾರಂ ಇದೆ. ಕೆಲವಕ್ಕೆ ಉತ್ತರ ಪೊಲೀಸ್ ದಾಖಲೆಯಿಂದ ಬರುತ್ತದೆ, ಉಳಿದವನ್ನು ಆರೋಪಿಯನ್ನೇ ಕೂರಿಸಿಕೊಂಡು ಕೇಳುತ್ತಾರೆ. ಹಿಂದೆ ಎಷ್ಟು ಸಲ ಅರೆಸ್ಟ್ ಆಗಿದ್ದೀರಿ ಅನ್ನುವುದು ಸರಿ, ಕೇಳಬೇಕಾದ್ದೇ. ಅದರ ಜೊತೆಗೆ ಇನ್ನೇನು ಕೇಳುತ್ತಾರೆ ನೋಡಿ. ನಿಮ್ಮ ತಂದೆ ಅಥವಾ ತಾಯಿ ಎಂದಾದರೂ ಜೈಲಿಗೆ ಹೋಗಿದ್ದರಾ? ನಿಮ್ಮ ಸ್ನೇಹಿತರಲ್ಲಿ ಎಷ್ಟು ಜನ ಮಾದಕ ವಸ್ತು ತೆಗೆದುಕೊಳ್ಳುತ್ತಾರೆ? ಸ್ಕೂಲಿನಲ್ಲಿದ್ದಾಗ ಎಷ್ಟು ಸಲ ಹೊಡೆದಾಡಿಕೊಳ್ಳುತ್ತಿದ್ದಿರಿ? ಕೊನೆಗೆ, 'ಹಸಿದವನಿಗೆ ಕದಿಯುವ ಹಕ್ಕಿದೆ' ಎಂಬ ಮಾತನ್ನು ನೀವು ಒಪ್ಪುತ್ತೀರಾ ಇಲ್ಲವಾ?

ಈ ಕೊನೇ ಪ್ರಶ್ನೆಯನ್ನು ಸ್ವಲ್ಪ ಹೊತ್ತು ಯೋಚಿಸಿ. ಕಾಲೇಜು ಚರ್ಚಾ ಸ್ಪರ್ಧೆಯಲ್ಲಿ ಇದಕ್ಕೆ ಹೌದು ಎಂದು ವಾದಿಸಿ ಬಹುಮಾನ ತೆಗೆದುಕೊಳ್ಳಬಹುದು. ಇಲ್ಲಿ ಹೌದು ಎಂದರೆ ನಿಮ್ಮ ಅಂಕ ಏರಬಹುದು. ಏರುತ್ತಾ, ಏರಿದರೆ ಎಷ್ಟು? ಅದನ್ನು ಕಂಪನಿ ಹೇಳುವುದಿಲ್ಲ. ಅದು ಅವರ ವ್ಯಾಪಾರದ ಗುಟ್ಟು.

ಉತ್ತರಗಳನ್ನೆಲ್ಲ ಹಾಕಿದ ಮೇಲೆ 1ರಿಂದ 10ರವರೆಗೆ ಒಂದು ಅಂಕ ಬರುತ್ತದೆ. 4ರವರೆಗೆ ಕಡಿಮೆ ಅಪಾಯ, 5ರಿಂದ 7 ಮಧ್ಯಮ, 8ರಿಂದ ಮೇಲೆ ಹೆಚ್ಚು. ಬಾರ್ ಚಾರ್ಟ್ ರೂಪದಲ್ಲಿ ಜಡ್ಜ್ ಮುಂದೆ ಬರುತ್ತದೆ. ಮನೆಯ ಸ್ಥಿತಿ, ಕೆಲಸದ ಚರಿತ್ರೆ ಎಂದೆಲ್ಲ ವರದಿಯಲ್ಲಿ ಪುಟಗಟ್ಟಲೆ ಬರೆದಿರುತ್ತಾರೆ. ಅದರ ಮಧ್ಯೆ ಮೂರು ಬಾರ್‌ಗಳಿದ್ದರೆ ಕಣ್ಣು ಮೊದಲು ಎಲ್ಲಿಗೆ ಹೋಗುತ್ತದೆ ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಕಾಂಪಾಸ್ ಮಾಡಿದ್ದು ಶಿಕ್ಷೆ ನಿರ್ಧರಿಸಲು ಅಲ್ಲವೇ ಅಲ್ಲ. ಯಾರಿಗೆ ಚಿಕಿತ್ಸೆ ಬೇಕು, ಯಾರಿಗೆ ಕೆಲಸದ ತರಬೇತಿ ಬೇಕು, ಯಾರ ಮೇಲೆ ಜಾಸ್ತಿ ನಿಗಾ ಬೇಕು ಎಂದು ಇಲಾಖೆ ತಿಳಿದುಕೊಳ್ಳಲಿ ಅಂತ ಮಾಡಿದ್ದು. ಲೂಮಿಸ್‌ನ ವರದಿಯಲ್ಲೇ ಈ ಮಾತು ಇತ್ತು. ಇಂಥ ಚರಿತ್ರೆ ಇರುವವರು ಒಟ್ಟಾರೆ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಮಾತ್ರ ಇದು ಹೇಳುತ್ತದೆ, ಈ ವ್ಯಕ್ತಿ ಏನು ಮಾಡುತ್ತಾನೆ ಎಂಬುದನ್ನಲ್ಲ ಅಂತಲೂ ಅದರಲ್ಲಿ ಬರೆದಿತ್ತು. ಬರೆದಿದ್ದರೂ ಆದದ್ದು ನೋಡಿದಿರಲ್ಲ.

ಲೂಮಿಸ್ ಕೇಳಿದ್ದು

ಶಿಕ್ಷೆ ಆದ ಮೇಲೆ ಅದನ್ನು ಪ್ರಶ್ನಿಸಿ ಮೊದಲು ಅದೇ ಜಡ್ಜ್ ಮುಂದೆ ಹೋದರು. ಅವನ ವಕೀಲರ ವಾದಕ್ಕೆ ಮೂರು ಎಳೆ ಇತ್ತು.

ಮೊದಲನೆಯದು ಗುಟ್ಟಿನದು. ಲೆಕ್ಕ ಹೇಗೆ ಹಾಕಿದರು ಎಂದು ನನಗೆ ತೋರಿಸದಿದ್ದರೆ ಅದು ತಪ್ಪು ಅಂತ ನಾನು ತೋರಿಸುವುದು ಹೇಗೆ? ಇದಕ್ಕೆ ಅವರು 1977ರ ಗಾರ್ಡ್‌ನರ್ ವರ್ಸಸ್ ಫ್ಲೋರಿಡಾ ತೀರ್ಪನ್ನು ಹಿಡಿದರು. ಆ ಕೇಸಿನಲ್ಲಿ ಜಡ್ಜ್ ಒಂದು ವರದಿ ಓದಿ ಮರಣದಂಡನೆ ಕೊಟ್ಟಿದ್ದರು. ಆ ವರದಿಯ ಒಂದು ಭಾಗವನ್ನು ಆರೋಪಿಗೆ ತೋರಿಸಿಯೇ ಇರಲಿಲ್ಲ. ಅದು ತಪ್ಪು ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಆ ಶಿಕ್ಷೆಯನ್ನು ರದ್ದು ಮಾಡಿತ್ತು. ಎರಡನೆಯದು, ಶಿಕ್ಷೆ ಅನ್ನೋದು ನನಗೆ, ನನ್ನನ್ನು ನೋಡಿ ಕೊಡಬೇಕಾದ್ದು, ನನ್ನಂಥವರ ಗುಂಪಿನ ಸರಾಸರಿ ನೋಡಿ ಅಲ್ಲ. ಮೂರನೆಯದು, ಕಾಂಪಾಸ್ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ಲೆಕ್ಕ ಹಾಕುತ್ತದೆ. ಹಾಗಾದರೆ ನಾನು ಗಂಡಸು ಎಂಬ ಕಾರಣಕ್ಕೂ ನನಗೆ ಶಿಕ್ಷೆ ಜಾಸ್ತಿ ಆದ ಹಾಗಾಯಿತಲ್ಲ.

ಅವನ ಪರ ಸಾಕ್ಷಿ ಹೇಳಿದ ತಜ್ಞರೊಬ್ಬರು ಒಂದು ಮುಖ್ಯ ಮಾತು ಹೇಳಿದರು. ಈ ಮನುಷ್ಯನನ್ನು ಯಾರ ಜೊತೆ ಹೋಲಿಸುತ್ತಿದ್ದಾರೆ ಅನ್ನೋದೇ ಕೋರ್ಟಿಗೆ ಗೊತ್ತಿಲ್ಲ. ಹೋಲಿಕೆಗೆ ಇಟ್ಟುಕೊಂಡ ಜನ ವಿಸ್ಕಾನ್ಸಿನ್‌ನವರಾ, ನ್ಯೂಯಾರ್ಕಿನವರಾ, ಕ್ಯಾಲಿಫೋರ್ನಿಯಾದವರಾ? ಅಂಥದ್ದನ್ನು ನಂಬಿ ಶಿಕ್ಷೆ ಕೊಟ್ಟರೆ ಅಪಾಯವನ್ನು ಇರುವುದಕ್ಕಿಂತ ಹೆಚ್ಚು ಅಂದುಕೊಳ್ಳುವ ಸಾಧ್ಯತೆ ಬಹಳ.

ಜಡ್ಜ್ ಹಾರ್ನ್ ಇದನ್ನೆಲ್ಲ ಕೇಳಿ, ಅಂಕ ಇಲ್ಲದಿದ್ದರೂ ಇದೇ ಶಿಕ್ಷೆ ಕೊಡುತ್ತಿದ್ದೆ, ನನ್ನ ಅಭಿಪ್ರಾಯಕ್ಕೆ ಬೆಂಬಲವಾಗಿ ಮಾತ್ರ ಅದನ್ನು ಬಳಸಿದೆ ಎಂದರು. ಕೈಬಿಟ್ಟ ಆರೋಪಗಳನ್ನು ನೆನಪಿಟ್ಟುಕೊಳ್ಳಿ ಅಂದಿದ್ದು ಇದಕ್ಕೇ. ಗುಂಡು ಹಾರಿಸಿದ ಘಟನೆಯೂ ಅವರ ಕಣ್ಣ ಮುಂದಿತ್ತು, ಹಾಗಾಗಿ ಆ ಮಾತು ಸುಳ್ಳಿರಲಾರದು. ಆದರೆ ನಿಜ ಎಂದು ತೋರಿಸುವ ದಾರಿಯೂ ಇಲ್ಲ. ಒಂದು ಅಂಕ ನೋಡಿದ ಮೇಲೆ, ಅದನ್ನು ನೋಡದೆ ಇದ್ದಿದ್ದರೆ ನಾನು ಏನು ಮಾಡುತ್ತಿದ್ದೆ ಎಂದು ಯಾರು ತಾನೇ ಖಚಿತವಾಗಿ ಹೇಳಬಲ್ಲರು?

ಇದೇ ರಾಜ್ಯದ ಇನ್ನೊಂದು ಕೇಸು ಇಲ್ಲಿ ನೆನಪಾಗುತ್ತದೆ. ಹುಲ್ಲು ಕತ್ತರಿಸುವ ಯಂತ್ರ ಮತ್ತು ಕೆಲವು ಉಪಕರಣ ಕದ್ದವನೊಬ್ಬ. ಒಂದು ವರ್ಷದ ಶಿಕ್ಷೆ ಸಾಕು ಎಂದು ಎರಡೂ ಕಡೆಯ ವಕೀಲರು ಒಪ್ಪಿಕೊಂಡಿದ್ದರು. ಜಡ್ಜ್ ಕಾಂಪಾಸ್ ಅಂಕ ನೋಡಿದರು. ಒಪ್ಪಂದ ತಳ್ಳಿಹಾಕಿ ಎರಡು ವರ್ಷ ಕೊಟ್ಟರು. ಆಮೇಲೆ ಅದರ ವಿರುದ್ಧದ ವಿಚಾರಣೆಗೆ ಸ್ವತಃ ಬ್ರೆನ್ನನ್ ಬಂದು, ನಾನು ಇದನ್ನು ಶಿಕ್ಷೆ ಕೊಡುವುದಕ್ಕೆ ಮಾಡಿದ್ದಲ್ಲ ಎಂದು ಸಾಕ್ಷಿ ಹೇಳಿದರು. ಜಡ್ಜ್ ಶಿಕ್ಷೆಯನ್ನು 18 ತಿಂಗಳಿಗೆ ಇಳಿಸಿದರು. ಕಾಂಪಾಸ್ ಇಲ್ಲದಿದ್ದರೆ ಬಹುಶಃ ಇಷ್ಟೇ ಕೊಡುತ್ತಿದ್ದೆ ಎಂದೂ ಹೇಳಿದರು. ಅಂದರೆ ಆ ಒಂದು ಹಾಳೆಯ ತೂಕ ಆರು ತಿಂಗಳು. ಲೂಮಿಸ್ ಕೇಸಿನಲ್ಲಿ ಆ ತೂಕ ಎಷ್ಟು ಅನ್ನೋದು ಕೊನೆಗೂ ಹೊರಬರಲಿಲ್ಲ.

ಸುಪ್ರೀಂ ಕೋರ್ಟ್ ಏನು ಹೇಳಿತು

ವಿಸ್ಕಾನ್ಸಿನ್ ಸುಪ್ರೀಂ ಕೋರ್ಟ್ ಲೂಮಿಸ್‌ನ ವಾದ ಒಪ್ಪಲಿಲ್ಲ. ಶಿಕ್ಷೆ ಹಾಗೇ ಉಳಿಯಿತು. ತೀರ್ಪು ಬರೆದವರು ನ್ಯಾಯಮೂರ್ತಿ ಆ್ಯನ್ ವಾಲ್ಷ್ ಬ್ರಾಡ್ಲಿ.

ಗುಟ್ಟಿನ ಪ್ರಶ್ನೆಗೆ ಅವರ ಉತ್ತರ ಹೀಗೆ: ಜಡ್ಜ್ ನೋಡಿದ ಹಾಳೆಯನ್ನೇ ಲೂಮಿಸ್ ಕೂಡ ನೋಡಿದ್ದಾನೆ. ಪ್ರಶ್ನೆಗಳಿಗೆ ಉತ್ತರ ಕೊಟ್ಟವನು ಅವನೇ, ಉಳಿದದ್ದು ಸಾರ್ವಜನಿಕ ದಾಖಲೆಯಲ್ಲಿರುವುದು. ಹಾಕಿದ ಮಾಹಿತಿ ಸರಿಯಿದೆಯಾ ಎಂದು ಅವನು ಪರೀಕ್ಷಿಸಬಹುದಿತ್ತು. ಗಾರ್ಡ್‌ನರ್ ಕೇಸಿನ ಹಾಗೆ ಇಲ್ಲಿ ಜಡ್ಜ್‌ಗೆ ಮಾತ್ರ ಕಂಡ, ಆರೋಪಿಗೆ ಕಾಣದ ಪುಟ ಯಾವುದೂ ಇಲ್ಲ.

ನನಗೆ ಈ ತೀರ್ಪಿನಲ್ಲಿ ಒಪ್ಪಿಗೆಯಾಗದ ಜಾಗ ಇದೇ. ಜಡ್ಜ್‌ಗೂ ಲೆಕ್ಕ ಗೊತ್ತಿಲ್ಲ, ಆರೋಪಿಗೂ ಗೊತ್ತಿಲ್ಲ, ಇಬ್ಬರೂ ಕತ್ತಲಲ್ಲೇ ಇದ್ದೀರಿ, ಹಾಗಾಗಿ ಅನ್ಯಾಯವಿಲ್ಲ ಅನ್ನುವಂತಿದೆ ಈ ಮಾತು. ಮಾಹಿತಿ ಸರಿ ಇದೆಯಾ ಎಂದು ನೋಡಲು ಲೂಮಿಸ್‌ಗೆ ಅವಕಾಶ ಇತ್ತು, ನಿಜ. ಆ ಮಾಹಿತಿಯಿಂದ ಅಂಕ ಬಂದ ಬಗೆ ಸರಿಯಾ ಎಂದು ನೋಡಲು ಅವಕಾಶ ಎಲ್ಲಿತ್ತು? ಕೋರ್ಟಿಗೆ ಬಂದು ಸಾಕ್ಷಿ ಹೇಳುವ ಮನುಷ್ಯನಿಗೆ ನಾವು ಪಾಟೀ ಸವಾಲು ಹಾಕುತ್ತೇವೆ. ನೀನು ಎಲ್ಲಿ ನಿಂತಿದ್ದೆ, ಬೆಳಕಿತ್ತಾ, ಇಷ್ಟು ದೂರದಿಂದ ಮುಖ ಹೇಗೆ ಕಂಡಿತು? ಕಾಂಪಾಸ್‌ಗೆ ಕೇಳಬೇಕಾದ್ದೂ ಅದೇ ಬಗೆಯ ಪ್ರಶ್ನೆ. ವಯಸ್ಸಿಗೆ ಎಷ್ಟು ತೂಕ ಕೊಟ್ಟೆ, ಹಿಂದಿನ ಕೇಸಿಗೆ ಎಷ್ಟು, ಅಪ್ಪ ಜೈಲಿಗೆ ಹೋಗಿದ್ದಕ್ಕೆ ಎಷ್ಟು? ಕಟಕಟೆಗೆ ಬರುವವರು ಯಾರೂ ಇಲ್ಲ.

ಗುಂಪಿನ ಸರಾಸರಿ ಎಂಬ ವಾದಕ್ಕೆ, ಅಂಕ ಒಂದೇ ಆಧಾರವಾಗಿದ್ದರೆ ನೀನು ಹೇಳಿದ್ದು ಸರಿಯಾಗುತ್ತಿತ್ತು, ಇಲ್ಲಿ ಬೇರೆ ಕಾರಣಗಳೂ ಇವೆ ಎಂದರು. ಗಂಡು ಹೆಣ್ಣಿನ ಲೆಕ್ಕ ನಿಖರತೆಗೋಸ್ಕರ ಇರುವುದು, ನೀನು ಗಂಡಸು ಅಂತ ಜಡ್ಜ್ ಶಿಕ್ಷೆ ಹೆಚ್ಚಿಸಿದ್ದಕ್ಕೆ ಆಧಾರ ತೋರಿಸಿಲ್ಲ ಎಂದರು. ಈ ಕೊನೆಯದು ಸುಮಾರಾಗಿ ಒಪ್ಪುವ ಮಾತೇ.

ಅಂಕ ನೋಡಬಹುದು ಎಂದ ಕೋರ್ಟೇ ಅದಕ್ಕೆ ಕಟ್ಟುಪಾಡೂ ಹಾಕಿತು. ಜೈಲಿಗೆ ಕಳಿಸಬೇಕಾ ಬೇಡವಾ, ಕಳಿಸಿದರೆ ಎಷ್ಟು ವರ್ಷ ಎಂಬುದನ್ನು ಈ ಅಂಕದಿಂದ ತೀರ್ಮಾನಿಸುವಂತಿಲ್ಲ. ಇನ್ನು ಮುಂದೆ ಕಾಂಪಾಸ್ ಇರುವ ಪ್ರತಿ ವರದಿಯಲ್ಲೂ ಜಡ್ಜ್‌ಗೆ ಎಚ್ಚರಿಕೆಗಳನ್ನು ಬರೆದಿರಬೇಕು. ಲೆಕ್ಕ ಕಂಪನಿಯ ಗುಟ್ಟಾಗಿರುವುದರಿಂದ ಅಂಕ ಹೇಗೆ ಬಂತು ಎಂದು ಗೊತ್ತಾಗುವುದಿಲ್ಲ. ಇದು ಗುಂಪಿನ ಮಾಹಿತಿ, ಒಬ್ಬ ವ್ಯಕ್ತಿಯದಲ್ಲ. ಇಡೀ ದೇಶದಿಂದ ತೆಗೆದುಕೊಂಡ ಜನರ ಜೊತೆ ಹೋಲಿಸುವ ಇದನ್ನು ವಿಸ್ಕಾನ್ಸಿನ್ ಜನರ ಮೇಲೆ ಪರೀಕ್ಷಿಸಿ ನೋಡಿಲ್ಲ. ಅಲ್ಪಸಂಖ್ಯಾತ ಜನಾಂಗದವರಿಗೆ ಹೆಚ್ಚು ಅಂಕ ಕೊಡುತ್ತದೆಯಾ ಎಂಬ ಅನುಮಾನ ಕೆಲವು ಅಧ್ಯಯನಗಳಲ್ಲಿ ಬಂದಿದೆ. ಇದನ್ನು ಮಾಡಿದ್ದು ಇಲಾಖೆಯ ಬಳಕೆಗೆ, ಶಿಕ್ಷೆ ಕೊಡುವುದಕ್ಕಲ್ಲ.

ಇಷ್ಟೂ ಎಚ್ಚರಿಕೆ ಓದಿದ ಜಡ್ಜ್ ಏನು ಮಾಡಬೇಕು? ಹುಷಾರಾಗಿರಿ ಎಂದರು ಸರಿ, ಹುಷಾರಾಗಿರಲು ಬೇಕಾದ ಮಾಹಿತಿ ಎಲ್ಲಿ? ಅಂಕವನ್ನು ಎಷ್ಟು ಕಡಿಮೆ ನಂಬಬೇಕು, ಅರ್ಧದಷ್ಟಾ, ಕಾಲು ಭಾಗದಷ್ಟಾ, ಪೂರ್ತಿ ಬಿಟ್ಟುಬಿಡಬೇಕಾ? ಇಷ್ಟೊಂದು ದೋಷ ಇರಬಹುದಾದ ಸಾಕ್ಷ್ಯವನ್ನು ಬೇರೆ ಯಾವ ಕೇಸಿನಲ್ಲಾದರೂ ಎಚ್ಚರಿಕೆ ಚೀಟಿ ಅಂಟಿಸಿ ಒಳಗೆ ಬಿಟ್ಟುಕೊಳ್ಳುತ್ತಿದ್ದರಾ?

ಅದೇ ಪೀಠದಲ್ಲಿದ್ದ ಮುಖ್ಯ ನ್ಯಾಯಮೂರ್ತಿ ಪೇಶನ್ಸ್ ರೋಗನ್‌ಸ್ಯಾಕ್ ಸಹಮತದ ಟಿಪ್ಪಣಿ ಬರೆದು, ಅಂಕವನ್ನು ಪರಿಗಣಿಸಬಹುದು, ಆದರೆ ಅದನ್ನೇ ಆಧಾರ ಮಾಡಿಕೊಳ್ಳುವಂತಿಲ್ಲ ಎಂದು ಇನ್ನಷ್ಟು ಬಿಗಿಯಾಗಿ ಹೇಳಿದರು. ಕಾನೂನಿನಲ್ಲಿ ಈ ಎರಡರ ನಡುವೆ ಗೆರೆ ಎಳೆಯಬಹುದು. ತಲೆಯೊಳಗೆ ಎಳೆಯೋದು ಕಷ್ಟ.

ನ್ಯಾಯಮೂರ್ತಿ ಶರ್ಲಿ ಏಬ್ರಹಾಮ್ಸನ್ ಅವರ ಟಿಪ್ಪಣಿ ಇನ್ನೂ ಮುಖ್ಯ. ವಾದ ನಡೆಯುವಾಗ ಕಾಂಪಾಸ್ ಹೇಗೆ ಕೆಲಸ ಮಾಡುತ್ತದೆ ಎಂದು ಕೋರ್ಟ್ ಎರಡೂ ಕಡೆಯ ವಕೀಲರನ್ನು ಮತ್ತೆ ಮತ್ತೆ ಕೇಳಿತು, ಸಿಕ್ಕ ಉತ್ತರ ಕಡಿಮೆ ಎಂದು ಅವರು ಬರೆದರು. ಕೋರ್ಟಿಗೇ ಕಾಂಪಾಸ್ ಅರ್ಥವಾಗದಿರುವುದು ಈ ಕೇಸಿನ ದೊಡ್ಡ ಸಮಸ್ಯೆ ಎಂದೂ ಬರೆದರು. ಸ್ವಾರಸ್ಯ ಏನೆಂದರೆ, ನಾವು ಬಂದು ವಿವರಿಸುತ್ತೇವೆ ಎಂದು ನಾರ್ತ್‌ಪಾಯಿಂಟ್ ಕಂಪನಿ ಕೋರ್ಟಿಗೆ ಅರ್ಜಿ ಹಾಕಿತ್ತು. ಕೋರ್ಟ್ ಬೇಡ ಅಂದಿತು. ಏಬ್ರಹಾಮ್ಸನ್ ಮಾತ್ರ ಅವರ ಮಾತು ಕೇಳೋಣ ಎಂಬ ಕಡೆಗಿದ್ದರು.

ಲೂಮಿಸ್ ಅಲ್ಲಿಂದ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋದ. ಆ ಅರ್ಜಿ ಅಲ್ಲಿರುವಾಗಲೇ, 2017ರ ಏಪ್ರಿಲ್‌ನಲ್ಲಿ, ಒಂದು ಕಾಲೇಜಿನ ವೇದಿಕೆಯಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಅವರಿಗೆ ಒಂದು ಪ್ರಶ್ನೆ ಬಂತು. ಯಂತ್ರಗಳು ಕೋರ್ಟಿನ ತೀರ್ಮಾನದಲ್ಲಿ ಕೈಜೋಡಿಸುವ ದಿನ ಬರುತ್ತಾ ಅಂತ. ಆ ದಿನ ಬಂದಾಗಿದೆ ಎಂದರು ಅವರು. ಜೂನ್ 26ರಂದು ಅವರ ಕೋರ್ಟ್ ಲೂಮಿಸ್‌ನ ಅರ್ಜಿಯನ್ನು ವಿಚಾರಣೆಗೇ ತೆಗೆದುಕೊಳ್ಳದೆ ವಾಪಸ್ ಕಳಿಸಿತು.

ಅಂಕದೊಳಗಿನ ಲೆಕ್ಕ

ತೀರ್ಪಿಗೆ ಎರಡು ತಿಂಗಳು ಇದೆ ಎನ್ನುವಾಗ, 2016ರ ಮೇ 23ರಂದು, ಪ್ರೊಪಬ್ಲಿಕಾ ಎಂಬ ಸುದ್ದಿಸಂಸ್ಥೆ ಒಂದು ದೊಡ್ಡ ತನಿಖೆ ಪ್ರಕಟಿಸಿತು. ಫ್ಲೋರಿಡಾದ ಬ್ರೋವರ್ಡ್ ಕೌಂಟಿಯಲ್ಲಿ 2013 ಮತ್ತು 2014ರಲ್ಲಿ ಅರೆಸ್ಟ್ ಆದ 7,000ಕ್ಕೂ ಹೆಚ್ಚು ಜನರ ಕಾಂಪಾಸ್ ಅಂಕ ತೆಗೆದುಕೊಂಡು, ಮುಂದಿನ ಎರಡು ವರ್ಷ ಅವರು ಏನು ಮಾಡಿದರು ಎಂದು ನೋಡಿದರು. ಮತ್ತೆ ಅಪರಾಧ ಮಾಡದೇ ಇದ್ದವರನ್ನು ಹಿಡಿದು ನೋಡಿದರೆ, ಅಂಥ ಕಪ್ಪು ಜನರಲ್ಲಿ 44.9% ಮಂದಿಗೆ ಕಾಂಪಾಸ್ ಅಪಾಯ ಜಾಸ್ತಿ ಎಂದು ತಪ್ಪಾಗಿ ಹೇಳಿತ್ತು. ಬಿಳಿಯರಲ್ಲಿ ಇದು 23.5%. ಕಂಪನಿ ಇದನ್ನು ಒಪ್ಪಲಿಲ್ಲ. ಒಂದೇ ಅಂಕ ಬಂದವರು, ಕಪ್ಪಾಗಲಿ ಬಿಳಿಯಾಗಲಿ, ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಮತ್ತೆ ಅಪರಾಧ ಮಾಡಿದ್ದಾರೆ, ಹಾಗಾಗಿ ಪಕ್ಷಪಾತ ಇಲ್ಲ ಎಂದಿತು.

ಇಬ್ಬರಲ್ಲಿ ಯಾರೋ ಒಬ್ಬರು ಸುಳ್ಳು ಹೇಳುತ್ತಿರಬೇಕು ಅನ್ನಿಸುತ್ತದೆ ಅಲ್ವಾ? ಇಲ್ಲ, ಇಬ್ಬರೂ ಹೇಳಿದ್ದು ನಿಜ. ಪೆನ್ನು ಹಿಡಿದು ಲೆಕ್ಕ ಹಾಕಿ ನೋಡಿ, ಇವು ಸುಮ್ನೆ ಉದಾಹರಣೆಗೆ ತೆಗೆದುಕೊಂಡ ಸಂಖ್ಯೆಗಳು. ಮೊದಲ ಗುಂಪಿನಲ್ಲಿ 100 ಜನ, ಅದರಲ್ಲಿ 60 ಜನ ಮತ್ತೆ ಸಿಕ್ಕಿಬೀಳುವವರು. ಯಂತ್ರ 60 ಜನರಿಗೆ 'ಹೆಚ್ಚಿನ ಅಪಾಯ' ಎಂದು ಮುದ್ರೆ ಒತ್ತಿತು, ಅದರಲ್ಲಿ 40 ಸರಿ, 20 ತಪ್ಪು. ಎರಡನೇ ಗುಂಪಿನಲ್ಲೂ 100 ಜನ, ಮತ್ತೆ ಸಿಕ್ಕಿಬೀಳುವವರು 30. ಯಂತ್ರ 30 ಜನರಿಗೆ ಮುದ್ರೆ ಒತ್ತಿತು, 20 ಸರಿ, 10 ತಪ್ಪು. ಎರಡೂ ಕಡೆ ಮೂರು ಮುದ್ರೆಯಲ್ಲಿ ಎರಡು ಸರಿ. ಕಂಪನಿ ಹೇಳುವ ಸಮಾನತೆ ಇದು. ಈಗ ತಪ್ಪೇ ಮಾಡದೆ ಇರುವವರ ಕಡೆಯಿಂದ ನೋಡಿ. ಮೊದಲ ಗುಂಪಿನಲ್ಲಿ ಅಂಥವರು 40, ಅವರಲ್ಲಿ 20 ಜನರಿಗೆ ಮುದ್ರೆ ಬಿದ್ದಿದೆ, ಅಂದರೆ ಅರ್ಧ. ಎರಡನೇ ಗುಂಪಿನಲ್ಲಿ ಅಂಥವರು 70, ಮುದ್ರೆ ಬಿದ್ದಿದ್ದು 10 ಜನರಿಗೆ, ಏಳರಲ್ಲಿ ಒಂದು ಪಾಲು. ಪ್ರೊಪಬ್ಲಿಕಾ ಹೇಳುವ ಅನ್ಯಾಯ ಇದು.

ಎರಡು ಗುಂಪಿನಲ್ಲಿ ಮತ್ತೆ ಸಿಕ್ಕಿಬೀಳುವವರ ಪ್ರಮಾಣ ಬೇರೆ ಬೇರೆ ಇದ್ದು, ಯಂತ್ರದ ಊಹೆ ನೂರಕ್ಕೆ ನೂರು ಸರಿ ಇಲ್ಲದಿದ್ದರೆ, ಮುದ್ರೆ ಸರಿಯಾಗುವ ಪ್ರಮಾಣವನ್ನೂ ಎರಡು ಬಗೆಯ ತಪ್ಪುಗಳ (ತಪ್ಪು ಮಾಡದವರಿಗೆ ಮುದ್ರೆ ಬೀಳುವುದು, ಮಾಡುವವರಿಗೆ ಬೀಳದೇ ಹೋಗುವುದು) ಪ್ರಮಾಣವನ್ನೂ ಒಟ್ಟಿಗೆ ಸಮ ಮಾಡಲಾಗುವುದಿಲ್ಲ ಎಂದು ಆಮೇಲೆ ಸಂಶೋಧಕರು ಗಣಿತದಲ್ಲೇ ತೋರಿಸಿದರು. ಯಾವುದನ್ನು ಉಳಿಸಿಕೊಂಡು ಯಾವುದನ್ನು ಬಿಡಬೇಕು ಅನ್ನುವುದು ನ್ಯಾಯದ ಪ್ರಶ್ನೆ, ಜಡ್ಜ್ ಅಥವಾ ಶಾಸನಸಭೆ ಎಲ್ಲರೆದುರು ಉತ್ತರಿಸಬೇಕಾದ ಪ್ರಶ್ನೆ. ಇಲ್ಲಿ ಅದಕ್ಕೆ ಒಂದು ಕಂಪನಿಯ ಆಫೀಸಿನಲ್ಲಿ ಉತ್ತರ ಸಿಕ್ಕಿಯಾಗಿತ್ತು. ಅಂಥ ಪ್ರಶ್ನೆ ಇದೆ ಎಂಬುದೇ ಲಾ ಕ್ರಾಸ್‌ನ ಕೋರ್ಟ್ ಹಾಲಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

'ಮತ್ತೆ ಅಪರಾಧ ಮಾಡಿದ' ಎಂದು ಈ ಲೆಕ್ಕದಲ್ಲಿ ಬರೆಯುವುದು ಪೊಲೀಸ್ ದಾಖಲೆ ನೋಡಿ. ಅಂದರೆ ಸಿಕ್ಕಿಬಿದ್ದದ್ದು ಮಾತ್ರ ಲೆಕ್ಕಕ್ಕೆ ಬರುತ್ತದೆ. ಪೊಲೀಸರು ಯಾವ ಬೀದಿಯಲ್ಲಿ ಜಾಸ್ತಿ ಓಡಾಡುತ್ತಾರೋ ಆ ಬೀದಿಯವರು ಜಾಸ್ತಿ ಸಿಕ್ಕಿಬೀಳುತ್ತಾರೆ. ಇದನ್ನು ಯಾವ ಊರಿನವರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ 2018ರಲ್ಲಿ ಡಾರ್ಟ್‌ಮತ್ ಕಾಲೇಜಿನ ಇಬ್ಬರು ಒಂದು ಅಧ್ಯಯನ ಪ್ರಕಟಿಸಿದರು. ನನ್ನ ಮಟ್ಟಿಗೆ ಇಡೀ ಪ್ರಕರಣಕ್ಕೆ ಬೇರೆಯದೇ ಬೆಳಕು ಬಿದ್ದಿದ್ದು ಅದರಿಂದ. ಅದೇ ಬ್ರೋವರ್ಡ್ ಕೌಂಟಿಯ ಜನರ ಬಗ್ಗೆ ಚಿಕ್ಕ ಚಿಕ್ಕ ವಿವರ ಬರೆದು, ಕಾನೂನು ಓದಿರದ ಸಾಮಾನ್ಯ ಜನರಿಗೆ ಇಂಟರ್‌ನೆಟ್‌ನಲ್ಲಿ ಸ್ವಲ್ಪ ದುಡ್ಡು ಕೊಟ್ಟು, ಇವನು ಮತ್ತೆ ತಪ್ಪು ಮಾಡುತ್ತಾನಾ ಹೇಳಿ ಎಂದು ಕೇಳಿದರು. ಆ ಜನರ ಅಂದಾಜುಗಳನ್ನು ಒಟ್ಟುಗೂಡಿಸಿ ಬಹುಮತ ನೋಡಿದರೆ ಅದು 67% ಸರಿಯಾಗಿತ್ತು. ಕಾಂಪಾಸ್‌ನದು 65%. ಕೊನೆಗೆ ಬರೀ ಎರಡು ವಿಷಯ, ವಯಸ್ಸು ಮತ್ತು ಹಿಂದಿನ ಶಿಕ್ಷೆಗಳ ಸಂಖ್ಯೆ, ಇಷ್ಟೇ ಇಟ್ಟುಕೊಂಡು ಒಂದು ಸಣ್ಣ ಸೂತ್ರ ಮಾಡಿದರು. ಅದೂ ಸುಮಾರು 67% ಸರಿ.

ಎರಡೇ ವಿಷಯದ ಸೂತ್ರವನ್ನು ಒಂದು ಅಂಚೆ ಕಾರ್ಡಿನ ಮೇಲೆ ಬರೆಯಬಹುದು. ಅದನ್ನು ವಕೀಲರ ಕೈಗೆ ಕೊಡಬಹುದು. ಅವರು ಎದ್ದು ನಿಂತು, ಸ್ವಾಮಿ, ನನ್ನ ಕಕ್ಷಿದಾರನ ಹಿಂದಿನ ಎರಡು ಕೇಸು ಹದಿನೆಂಟರ ವಯಸ್ಸಿನವು, ಅವನಿಗೀಗ ಮೂವತ್ತು ದಾಟಿದೆ ಎಂದು ವಾದ ಮಾಡಬಹುದು. ಗುಟ್ಟು ಕಾಪಾಡಿದ್ದಕ್ಕೆ ಬದಲಾಗಿ ನಿಖರತೆಯಾದರೂ ಸಿಕ್ಕಿದ್ದರೆ ಅದೊಂದು ವಾದವಾಗುತ್ತಿತ್ತು. ಇಲ್ಲಿ ಅದೂ ಸಿಕ್ಕಿಲ್ಲ. ಲೂಮಿಸ್ ಕೇಸಿನ ತೀರ್ಪು ಓದಿದರೆ, ಒಳಗೆ ಏನೋ ದೊಡ್ಡ ವಿದ್ಯೆ ಇದೆ ಎಂದುಕೊಂಡೇ ಬರೆದಂತೆ ನನಗೆ ಕಾಣುತ್ತದೆ.

ಎಲ್ಲ ಕೋರ್ಟುಗಳೂ ಇದೇ ದಾರಿ ಹಿಡಿದಿಲ್ಲ. 2018ರಲ್ಲಿ ಕೆನಡಾದ ಸುಪ್ರೀಂ ಕೋರ್ಟ್ ಯೂವರ್ಟ್ ಪ್ರಕರಣದಲ್ಲಿ ಜೈಲು ಇಲಾಖೆಯನ್ನು ತರಾಟೆಗೆ ತೆಗೆದುಕೊಂಡಿತು. ಮೂಲನಿವಾಸಿ ಕೈದಿಗಳ ಮೇಲೆ ಸರಿಯಾಗಿ ಕೆಲಸ ಮಾಡುತ್ತವಾ ಎಂದು ಪರೀಕ್ಷಿಸದೆಯೇ ಅಪಾಯ ಅಳೆಯುವ ಸಾಧನಗಳನ್ನು ಅವರ ಮೇಲೆ ಬಳಸಿದ್ದೀರಿ, ಮಾಹಿತಿ ನಿಖರವಾಗಿರಬೇಕೆಂಬ ಕಾನೂನಿನ ಹೊಣೆಯನ್ನು ನೀವು ಪಾಲಿಸಿಲ್ಲ ಎಂದಿತು. ವಿಸ್ಕಾನ್ಸಿನ್ ಎಚ್ಚರಿಕೆ ಚೀಟಿಯಲ್ಲಿ ಬರೆದು ಬಿಟ್ಟ ಅದೇ ಕೊರತೆ ಇಲ್ಲಿ ಕಾನೂನಿನ ಉಲ್ಲಂಘನೆ ಆಯಿತು.

ನಮ್ಮಲ್ಲಿ

ಭಾರತದ ಕೋರ್ಟುಗಳಲ್ಲಿ ಕಾಂಪಾಸ್‌ನಂಥದ್ದು ಶಿಕ್ಷೆಯ ಜಾಗಕ್ಕೆ ಬಂದಿಲ್ಲ. ಬಂದಿರುವುದು ಬೇರೆ ಕೆಲಸಗಳಿಗೆ. ತೀರ್ಪುಗಳನ್ನು ಅನುವಾದ ಮಾಡುವ ಸುವಾಸ್ 2019ರಿಂದ ಇದೆ. ಇ-ಕೋರ್ಟ್ ಯೋಜನೆಯ ಮೂರನೇ ಹಂತದ 7,210 ಕೋಟಿ ರೂಪಾಯಿಯಲ್ಲಿ 53.57 ಕೋಟಿಯನ್ನು ಎಐ ಮುಂತಾದ ಹೊಸ ತಂತ್ರಜ್ಞಾನಕ್ಕೆ ಎಂದು ಇಟ್ಟಿದ್ದಾರೆ. 2023ರ ಮಾರ್ಚ್‌ನಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರು ಜಾಮೀನು ಅರ್ಜಿಯೊಂದರಲ್ಲಿ ಚಾಟ್‌ಜಿಪಿಟಿಗೆ ಪ್ರಶ್ನೆ ಕೇಳಿ, ಉತ್ತರವನ್ನು ಆದೇಶದಲ್ಲೇ ಹಾಕಿದರು, ಇದು ಕೇಸಿನ ಬಗ್ಗೆ ಅಭಿಪ್ರಾಯವಲ್ಲ ಎಂಬ ಟಿಪ್ಪಣಿಯ ಜೊತೆ. 2025ರ ಜುಲೈನಲ್ಲಿ ಕೇರಳ ಹೈಕೋರ್ಟ್ ತನ್ನ ಜಿಲ್ಲಾ ನ್ಯಾಯಾಂಗಕ್ಕೆ ನೀತಿಯೊಂದನ್ನು ಹೊರಡಿಸಿ, ತೀರ್ಮಾನ ತೆಗೆದುಕೊಳ್ಳಲು ಎಐ ಬಳಸುವಂತಿಲ್ಲ ಎಂದು ನೇರವಾಗಿ ಹೇಳಿತು.

ಆದರೂ ಅಂಥ ಅಂಕ ನಮ್ಮಲ್ಲಿಗೆ ಬಂದರೆ ಮೊದಲು ಬರುವುದು ಜಾಮೀನಿನ ಬಾಗಿಲಲ್ಲೇ ಅಂತ ನನ್ನ ಅಂದಾಜು. 2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ 5,73,220 ಜನರಲ್ಲಿ 4,34,302 ಜನ ವಿಚಾರಣಾಧೀನರು, ನೂರಕ್ಕೆ 75ಕ್ಕಿಂತ ಹೆಚ್ಚು. ಇಷ್ಟು ಅರ್ಜಿಗಳ ರಾಶಿ ಮುಂದೆ ಕೂತ ಮ್ಯಾಜಿಸ್ಟ್ರೇಟರಿಗೆ, ಯಾರನ್ನು ಬಿಡಬಹುದು ಎಂದು ಒಂದು ಅಂಕ ಹೇಳಿಬಿಟ್ಟರೆ ಎಷ್ಟು ಹಾಯೆನಿಸಬಹುದು ಯೋಚಿಸಿ. ಉದ್ದೇಶವೂ ಒಳ್ಳೆಯದೇ ಇರುತ್ತದೆ. ಕಾಂಪಾಸ್‌ನ ಉದ್ದೇಶವೂ ಒಳ್ಳೆಯದೇ ಇತ್ತು.

ಶಿಕ್ಷೆಯ ವಿಚಾರಕ್ಕೆ ಬಂದರೆ, ಲೂಮಿಸ್ ನೋಡಿದಂಥ ವರದಿ ನಮ್ಮಲ್ಲೂ ಇದೆ. 1958ರ ಪ್ರೊಬೇಷನ್ ಕಾಯ್ದೆಯಡಿ, ಅಪರಾಧಿಯನ್ನು ಒಳ್ಳೆಯ ನಡತೆಯ ಮೇಲೆ ಬಿಡಬೇಕಾ ಎಂದು ನೋಡುವಾಗ ಪ್ರೊಬೇಷನ್ ಅಧಿಕಾರಿಯ ವರದಿ ಇದ್ದರೆ ಕೋರ್ಟ್ ಅದನ್ನು ಪರಿಗಣಿಸಬೇಕು. ಅದೇ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಆ ವರದಿ ಗೋಪ್ಯ. ಅದರ ಸಾರಾಂಶವನ್ನು ಅಪರಾಧಿಗೆ ತಿಳಿಸುವುದು, ಅವನಿಗೆ ಎದುರು ಸಾಕ್ಷ್ಯ ಕೊಡಲು ಅವಕಾಶ ಕೊಡುವುದು, ಎರಡೂ ಕೋರ್ಟಿನ ಇಚ್ಛೆಗೆ ಬಿಟ್ಟದ್ದು. ಲೂಮಿಸ್‌ಗೆ ಪೂರ್ತಿ ಹಾಳೆಯಾದರೂ ಸಿಕ್ಕಿತ್ತು. ನಾಳೆ ಇಲ್ಲಿನ ಪ್ರೊಬೇಷನ್ ಅಧಿಕಾರಿಯ ವರದಿಗೆ ಯಾವುದೋ ಸಾಫ್ಟ್‌ವೇರ್‌ನ ಅಂಕವೊಂದು ಸೇರಿಕೊಂಡರೆ, ಅದು ಸೇರಿದೆ ಎಂದು ಅಪರಾಧಿಯ ವಕೀಲರಿಗೆ ಗೊತ್ತಾಗಲೇಬೇಕು ಎನ್ನುವ ಸಾಲು ಈ ಸೆಕ್ಷನ್ನಿನಲ್ಲಿ ಇಲ್ಲ. ಎಐ ನೀತಿ ಬರೆಯಲು ಸಮಿತಿ ಕೂರಿಸುವವರು ಮೊದಲು ಈ ಹಳೇ ಸೆಕ್ಷನ್ ತೆಗೆದು ನೋಡಲಿ. ವರದಿಯ ಪ್ರತಿ ಮತ್ತು ಅದರಲ್ಲಿರುವ ಯಾವುದೇ ಅಂಕದ ಪೂರ್ತಿ ಲೆಕ್ಕ ಅಪರಾಧಿಗೆ ಕೊಡಲೇಬೇಕು ಎಂದು ತಿದ್ದಲು ಒಂದು ಪ್ಯಾರಾ ಸಾಕು, ಅದಕ್ಕೆ ಸಾಫ್ಟ್‌ವೇರ್ ಬರುವವರೆಗೂ ಕಾಯಬೇಕಾಗಿಲ್ಲ.